ಮೇಲಿನ ಗಾಂಧಾರದ ಅಂಜಿಕೆ

ಸಂಗೀತ ನಾಟಕದಲ್ಲಿ ಪಾತ್ರ ಮಾಡಬೇಕೆಂದಿರುವ ಹುಡುಗಿಯರು ಆಗಾಗ ನಾಶಿಕ್‌ನ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಎಲ್ಲರೂ ಮೊದಲು ಕೇಳುವುದು ಒಂದನ್ನೇ: ಸ್ಟೇಜಿನ ಭಯ ಎಷ್ಟು ವರ್ಷಕ್ಕೆ ಹೋಗುತ್ತದೆ? ನಾನು ಹತ್ತು ವರ್ಷ ಬಣ್ಣ ಹಚ್ಚಿದವಳು, ನನಗಂತೂ ಹೋಗಲಿಲ್ಲ ಎನ್ನುತ್ತೇನೆ. ಅವರು ನಗುತ್ತಾರೆ. ಹಿರಿಯರು ವಿನಯಕ್ಕೆ ಹೀಗೆ ಹೇಳುತ್ತಾರೆ ಎಂದುಕೊಳ್ಳುತ್ತಾರೆ. ವಿನಯವೂ ಇಲ್ಲ ಗಿನಯವೂ ಇಲ್ಲ. ನಾಟಕ ಶುರುವಾಗುವ ಮುಂಚೆ ಮೂರನೆಯ ಗಂಟೆ ಬಾರಿಸುವ ಹೊತ್ತಿಗೆ ನನ್ನ ಅಂಗೈ ತಣ್ಣಗಾಗುತ್ತಿತ್ತು. ಮೊದಲ ಪ್ರಯೋಗಕ್ಕೂ ಹಾಗೇ ಆಯಿತು, ಕೊನೆಯದಕ್ಕೂ ಹಾಗೇ.

ಆ ಭಯದಿಂದ ತೊಂದರೆಯೇನೂ ಇಲ್ಲ. ಮೊದಲ ಸ್ವರ ಹಚ್ಚಿದ ಕೂಡಲೇ ಅದು ಇಳಿದುಹೋಗುತ್ತದೆ. ಇನ್ನೊಂದು ಭಯ ಇದೆ. ಅದು ಮನೆಗೂ ಬರುತ್ತದೆ, ಊಟಕ್ಕೂ ಜೊತೆಗೆ ಕೂಡುತ್ತದೆ. ಅದು ಹಿಡಿದವರು ಏನೇನು ಮಾಡುತ್ತಾರೆ ಎಂಬುದನ್ನು ಹೇಳುವುದಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ಸನ್ಮಾನ, ಶಾಲು, ಪೇಪರಿನಲ್ಲಿ ಬಂದ ಫೋಟೊ ಇವುಗಳ ಸುದ್ದಿ ಬೇಡ. ಶಾಲುಗಳೆಲ್ಲ ಟ್ರಂಕಿನಲ್ಲಿವೆ, ನುಸಿಗುಳಿಗೆಯ ವಾಸನೆ ಹಿಡಿದುಕೊಂಡು.

ನಾನು ಗದಗಿನವಳು, ಹೆಸರು ಸರೋಜಾ. ಧಾರವಾಡದಲ್ಲಿ ಏಳು ವರ್ಷ ಗಾಯನ ಕಲಿತೆ. ನಮ್ಮ ಮನೆಯವರು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ಮದುವೆಯಾಗಿ ಅಲ್ಲಿಗೆ ಬಂದ ಮೇಲೆ ನನ್ನ ಗಾಯನ ಗಣಪತಿ ಹಬ್ಬಕ್ಕೊಮ್ಮೆ, ರಾಜ್ಯೋತ್ಸವಕ್ಕೊಮ್ಮೆ ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಗಣಪತಿ ಹಬ್ಬಕ್ಕೆ ಬಾಪೂಸಾಹೇಬರು ಅತಿಥಿಯಾಗಿ ಬಂದರು. ನಾಶಿಕ್‌ನ ಒಂದು ಹಳೆಯ ಮರಾಠಿ ಸಂಗೀತ ನಾಟಕ ಕಂಪನಿಗೆ ಅವರೇ ಮಾಲಕರು, ಅವರೇ ದಿಗ್ದರ್ಶಕರು. ರಾಣಿಯ ಪಾತ್ರದ ನಟಿ ಕಂಪನಿ ಬಿಟ್ಟಿದ್ದಳು. ನನ್ನ ಹಾಡು ಕೇಳಿ ಮುಗಿಸಿ ಹತ್ತಿರ ಬಂದರು. ಅವರು ಆಡುತ್ತಿದ್ದುದು ಮರಾಠಿ, ನಾನು ಕನ್ನಡದಲ್ಲಿ ಬರೆಯುತ್ತೇನೆ. ಬಾಯಿ ಎಂದರೆ ಅಲ್ಲಿ ಹೆಂಗಸರನ್ನು ಅಮ್ಮಾ ಎಂದು ಕರೆದಂತೆ.

"ಬಾಯಿ, ನಿಮ್ಮ ಮರಾಠಿ ಕೇಳಿದರೆ ಅಳು ಬರುತ್ತದೆ. ಆದರೆ ಹಾಡುವಾಗ ಯಾರೂ ವ್ಯಾಕರಣ ಹುಡುಕುವುದಿಲ್ಲ. ಬರುತ್ತೀರಾ?"

ನಾನು ಬೇಡವೆನ್ನಲು ಬಾಯಿ ತೆರೆದೆ. ಮನೆಯವರು ಕನ್ನಡದಲ್ಲಿ ಹೇಳಿದರು, "ಹೂಂ ಅನ್ನು. ಮನ್ಯಾಗ ಕುಂತು ಅಂಜೂದಕ್ಕಿಂತ ಅಲ್ಲೆ ನಿಂತು ಅಂಜೂದು ಚಲೋ."

ಹಾಗೆ ನಾನು ರಾಣಿಯಾದೆ. ನಾಟಕ ಬಾಪೂಸಾಹೇಬರ ತಂದೆ ಬರೆದದ್ದು. ಮೂರನೆಯ ಅಂಕದಲ್ಲಿ ರಾಣಿ ಸೆರೆಮನೆಯ ಕಿಟಕಿ ಹಿಡಿದು ನಿಂತು, ಪಕ್ಕದಲ್ಲಿ ಸಖಿಯನ್ನಿಟ್ಟುಕೊಂಡು ಒಂದು ಹಾಡು ಹಾಡುತ್ತಾಳೆ. ಹಾಡು ಮೇಲಿನ ಷಡ್ಜ ಮುಟ್ಟಿ, ಅಲ್ಲಿಂದ ಇನ್ನೂ ಮೇಲಕ್ಕೆ ಗಾಂಧಾರಕ್ಕೆ ಹೋಗಿ, ಅಲ್ಲಿ ಎಂಟು ಮಾತ್ರೆ ನಿಲ್ಲಬೇಕು. ಜನ ಇಡೀ ನಾಟಕ ಕಾಯುವುದೇ ಆ ಎಂಟು ಮಾತ್ರೆಗೆ. ಆ ಸ್ವರ ಇದ್ದವಳಿಗೆ ರಾಣಿಯ ಕಿರೀಟ, ಇಲ್ಲದವಳಿಗೆ ಸಖಿಯ ಹೂಬುಟ್ಟಿ. ಕಂಪನಿಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಸಂಗೀತ ನಾಟಕದ ಒಂದು ರೂಢಿಯನ್ನು ಹೊಸಬರು ತಿಳಿದಿರಬೇಕು. ಹಾಡು ಹಿಡಿಸಿದರೆ ಜನ "ವನ್ಸ್ ಮೋರ್" ಎಂದು ಕೂಗುತ್ತಾರೆ. ಕೂಗಿದರೆ ಕಥೆ ಅಲ್ಲೇ ನಿಲ್ಲಬೇಕು. ಯುದ್ಧವಿರಲಿ, ಮದುವೆಯಿರಲಿ, ನಟಿ ತಿರುಗಿ ಬಂದು ಕೈಮುಗಿದು ಚರಣದಿಂದ ಮತ್ತೆ ಹಾಡಬೇಕು. ಇದನ್ನು ನನಗೆ ಹೇಳಿಕೊಟ್ಟಿದ್ದರು, ಆದರೆ ಮೊದಲ ಪ್ರಯೋಗದ ಹೆದರಿಕೆಯಲ್ಲಿ ತಲೆಯೊಳಗೆ ಏನೂ ಉಳಿದಿರಲಿಲ್ಲ. ಹಾಡು ಮುಗಿದದ್ದೇ ತಡ, ಬದುಕಿದೆಯಾ ಬಡಜೀವವೇ ಎಂದು ಒಳಗೆ ಓಡಿ, ಕಿರೀಟ ತೆಗೆದಿಟ್ಟು ಗಟಗಟ ನೀರು ಕುಡಿಯುತ್ತಿದ್ದೆ. ಹೊರಗೆ ವನ್ಸ್ ಮೋರ್ ಕೂಗು. ಯಾರೋ ನನ್ನನ್ನು ದಬ್ಬಿದರು. ಅಷ್ಟರಲ್ಲಿ ಕಾವಲುಗಾರ ವೇದಿಕೆಗೆ ಬಂದು "ಮಹಾರಾಜ, ರಾಣಿ ಸೆರೆಮನೆಯಿಂದ ಪರಾರಿಯಾಗಿದ್ದಾಳೆ!" ಎಂದು ಘೋಷಿಸಿಬಿಟ್ಟಿದ್ದ. ಆ ಮಾತಿನ ಬೆನ್ನಿಗೆ ನಾನು, ಕಿರೀಟವಿಲ್ಲದ ತಲೆಯಲ್ಲಿ, ಕೈಯಲ್ಲಿ ಸ್ಟೀಲಿನ ಲೋಟ ಹಿಡಿದು ಪ್ರತ್ಯಕ್ಷಳಾದೆ. ಜನ ಬಿದ್ದು ಬಿದ್ದು ನಕ್ಕರು. ಬಾಪೂಸಾಹೇಬರು ನಗಲಿಲ್ಲ. "ಇನ್ನು ಮೇಲೆ ಹತ್ತು ಎಣಿಸುವ ತನಕ ಕಿರೀಟಕ್ಕೆ ಕೈ ಹಾಕಬೇಡಿ" ಎಂದಷ್ಟೇ ಹೇಳಿದರು. ಮುಂದಿನ ಎರಡು ವರ್ಷ ನಾನು ಹತ್ತು ಎಣಿಸಿದೆ, ಜನ ಕೂಗಿದರು, ನಾನು ಮತ್ತೆ ಹಾಡಿದೆ. ನನ್ನ ವೃತ್ತಿಯಲ್ಲಿ ಸುಖವಾಗಿದ್ದ ಕಾಲ ಎಂದರೆ ಅದೊಂದೇ.

ಇನ್ನು ನಾನಾ ಎಂಬವರ ಬಗ್ಗೆ ಹೇಳಬೇಕು. ನಾನಾ ನಮ್ಮ ಆರ್ಗನ್ ವಾದಕರು, ನಿಪ್ಪಾಣಿ ಕಡೆಯವರು, ಮರಾಠಿ ಬೆರೆತ ಕನ್ನಡ ಆಡುತ್ತಿದ್ದರು. ಸಂಗೀತ ನಾಟಕದಲ್ಲಿ ವೇದಿಕೆಯ ಮುಂದೆ, ಕೆಳಗೆ, ಕಾಲಲ್ಲಿ ಗಾಳಿ ಒತ್ತುವ ಆರ್ಗನ್ ಇಟ್ಟುಕೊಂಡು ವಾದಕರು ಕೂತಿರುತ್ತಾರೆ. ಹಾಡುವವಳ ಜೊತೆಗೇ, ಅವಳ ಪ್ರತಿ ಸ್ವರವನ್ನೂ ಅವರು ನುಡಿಸುತ್ತ ಹೋಗುತ್ತಾರೆ. ಒಳ್ಳೆಯ ವಾದಕರಾದರೆ ಯಾವುದು ಗಂಟಲು, ಯಾವುದು ಆರ್ಗನ್ ಎಂದು ಕೇಳುವವರಿಗೆ ಬಿಡಿಸಲು ಬರುವುದಿಲ್ಲ. ನಾನಾ ಬಹಳ ಒಳ್ಳೆಯ ವಾದಕರು. ನನ್ನ ಕೇಡು ಶುರುವಾದದ್ದು ಅದರಿಂದಲೇ.

ಒಂದು ಬೇಸಿಗೆ ಲಾಸಲಗಾಂವ್‌ನಲ್ಲಿ ಪ್ರಯೋಗವಿತ್ತು. ಈರುಳ್ಳಿ ಮಾರುಕಟ್ಟೆಯ ಬಯಲಿನಲ್ಲಿ ಪೆಂಡಾಲು, ಮಧ್ಯಾಹ್ನ ನಾಲ್ಕರ ಹೊತ್ತು. ದಲಾಲರು, ಹಮಾಲರು, ಅವರ ಮನೆಮಂದಿ ಎಲ್ಲ ಸೇರಿದ್ದರು. ಗಾಳಿ ಬೀಸಿದಾಗಲೆಲ್ಲ ಈರುಳ್ಳಿ ಸಿಪ್ಪೆ ಹಾರಿ ಬಂದು ಕಿರೀಟದ ಮೇಲೆ ಕೂಡುತ್ತಿತ್ತು. ಕಣ್ಣಲ್ಲಿ ನೀರು, ಗಂಟಲಲ್ಲಿ ಕೆರೆತ. ಅದಕ್ಕೂ ಮೊದಲು ಎರಡು ತಿಂಗಳಿಂದ ಧ್ವನಿ ಒಡೆದಂತಾಗುತ್ತಿತ್ತು, ನಾನು ಯಾರಿಗೂ ಹೇಳಿರಲಿಲ್ಲ. ಮೂರನೆಯ ಅಂಕ ಬಂತು. ಗಾಂಧಾರಕ್ಕೆ ಏರಿದೆ. ಸ್ವರ ಒಡೆದುಹೋಯಿತು. ಒಂದು ಕ್ಷಣ ನನ್ನ ಬಾಯಿಂದ ಗಾಳಿ ಬಿಟ್ಟರೆ ಏನೂ ಬರಲಿಲ್ಲ. ಕೆಳಗಿನಿಂದ ನಾನಾ ಆರ್ಗನ್ ಒತ್ತಿ ಆ ಎಂಟು ಮಾತ್ರೆ ತುಂಬಿಬಿಟ್ಟರು. ಜನರಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗುವ ಮಾತು ಹಾಗಿರಲಿ, ಪೆಂಡಾಲು ಹರಿಯುವಂತೆ ವನ್ಸ್ ಮೋರ್ ಎಂದು ಕೂಗಿದರು.

ಆ ಕೂಗು ಕೇಳಿ ಮೊದಲ ಬಾರಿಗೆ ನನಗೆ ಓಡಿಹೋಗಬೇಕೆನಿಸಿತು. ಕೈಮುಗಿದು ನಿಂತೆ. ನಾನಾ ತಲೆಯೆತ್ತಿ ನನ್ನನ್ನೇ ನೋಡಿ, ಬಾಯಿ ತೆರೆದು, ಕಣ್ಣಲ್ಲೇ "ಬರೇ ಬಾಯಿ ತೆರೀರಿ" ಎಂದು ಸನ್ನೆ ಮಾಡಿದರು. ಗಾಂಧಾರ ಬಂದಾಗ ನಾನು ಬಾಯಿ ತೆರೆದೆ, ಕಣ್ಣು ಮುಚ್ಚಿದೆ, ಕೊರಳ ನರ ಉಬ್ಬಿಸಿದೆ. ಹಾಡಿದ್ದು ಆರ್ಗನ್.

ನಾಟಕ ಮುಗಿದ ಮೇಲೆ ನಾನಾ ಮೆಲ್ಲಗೆ ಹೇಳಿದರು, "ಬಾಯಿ, ಒಂದ್ ದಿವಸದ್ದು ಆತು, ಬಿಡ್ರಿ. ಡಾಕ್ಟರ್ ಕಡೆ ಹೋಗ್ರಿ. ಇದು ರೂಢಿ ಆಗಬಾರದು."

ನಾಶಿಕ್‌ನಲ್ಲಿ ಲೇಡಿ ಡಾಕ್ಟರು ಮೂಗಿನಿಂದ ನಳಿಕೆ ಇಳಿಸಿ ನೋಡಿದರು. ಧ್ವನಿಯ ತಂತುಗಳ ಮೇಲೆ ಎರಡು ಸಣ್ಣ ಗಂಟು. ಮೂರು ತಿಂಗಳು ಮೌನ, ಪಿಸುಮಾತು ಸಹ ಕೂಡದು, ಆಮೇಲೆ ನೋಡೋಣ ಎಂದರು. ನಾನು ಮನೆಯಲ್ಲಿ ಮೌನವ್ರತ ಎಂದು ಚೀಟಿ ಬರೆದು ತೋರಿಸಿದೆ. ಮನೆಯವರು ಖುಷಿಯಾದರು. ಎರಡು ಮನೆ ಆಚೆಯ ಅಜ್ಜಿ ಬಂದು ನನ್ನ ಕಾಲಿಗೆ ಬಿದ್ದು ಹೋದರು. ಹನ್ನೊಂದನೆಯ ದಿನ ಬಾಪೂಸಾಹೇಬರು ಫೋನು ಮಾಡಿ, ಧುಳೆಯಲ್ಲಿ ಪ್ರಯೋಗ ನಿಗದಿಯಾಗಿದೆ, ಬರಲು ಆಗದಿದ್ದರೆ ಹೇಳಿ, ಪುಣೆಯಿಂದ ಒಬ್ಬ ಹುಡುಗಿಯನ್ನು ಕರೆಸುತ್ತೇನೆ ಎಂದರು. "ಬರ್ತೀನಿ" ಎಂದೆ. ವ್ರತ ಅಲ್ಲಿಗೆ ಮುಗಿಯಿತು. ಪುಣೆಯ ಹುಡುಗಿಯೊಬ್ಬಳು ನನ್ನ ಕಿರೀಟ ಹಾಕಿಕೊಂಡು ನಿಂತದ್ದು ಕಣ್ಣೆದುರು ಬಂತು, ಅಷ್ಟೇ ಸಾಕಾಯಿತು.

ಧುಳೆಯಲ್ಲಿ ನಾನೇ ನಾನಾ ಅವರ ಕೈ ಹಿಡಿದು ಬೇಡಿಕೊಂಡೆ. ಅವರು ಕೊನೆಗೆ "ಠೀಕ್ ಐತಿ" ಎಂದರು. ಅಲ್ಲಿಂದ ಮುಂದೆ ಎಂಟು ವರ್ಷ ಅದು ನಡೆಯಿತು. ಷಡ್ಜದವರೆಗೆ ನಾನು, ಗಾಂಧಾರಕ್ಕೆ ನಾನಾ. ಕೆಳಗಿನ ಸ್ವರಗಳು ಚೆನ್ನಾಗಿಯೇ ಇದ್ದವು, ಅದಕ್ಕೇ ಯಾರಿಗೂ ಸಂಶಯ ಬರಲಿಲ್ಲ. ಪಟ್ಟಿ ಇಳಿಸಿ, ಅಂದರೆ ಶ್ರುತಿ ತಗ್ಗಿಸಿ ಹಾಡಬಹುದಿತ್ತಲ್ಲ ಎಂದು ತಿಳಿದವರು ಕೇಳಬಹುದು. ಒಮ್ಮೆ ಅರ್ಧ ಇಳಿಸಿದ್ದಕ್ಕೇ ಬಾಪೂಸಾಹೇಬರು ಪರದೆಯ ಹಿಂದಿನಿಂದ ಬಂದು "ಯಾಕೆ ಇಳಿಸಿದಿರಿ?" ಎಂದು ಕೇಳಿದ್ದರು. ಆ ಕಿವಿಯ ಭಯ ನನಗೆ ಪೊಲೀಸರ ಭಯಕ್ಕಿಂತ ದೊಡ್ಡದು.

ಎಂಟು ವರ್ಷದಲ್ಲಿ ಒಂದೇ ಒಂದು ಪ್ರಯೋಗಕ್ಕೆ ನಾನಾ ಬರಲಿಲ್ಲ, ಅವರ ಅಣ್ಣ ತೀರಿಕೊಂಡಿದ್ದರು. ಬದಲಿಗೆ ಬಂದ ವಾದಕರಿಗೆ ನನ್ನ ಗುಟ್ಟು ಗೊತ್ತಿಲ್ಲ, ಹೇಳುವಂತೆಯೂ ಇಲ್ಲ. ಎರಡು ಅಂಕ ಮುಗಿಯುವವರೆಗೂ ದೇವರ ಹೆಸರುಗಳನ್ನೆಲ್ಲ ಕರೆದೆ. ಷಡ್ಜ ಮುಗಿಯಿತು, ಇನ್ನು ಗಾಂಧಾರ ಬರಬೇಕು, ನಾನು ಕಿಟಕಿ ಬಿಟ್ಟು ಧೊಪ್ಪೆಂದು ಬಿದ್ದುಬಿಟ್ಟೆ. ಸಖಿ ಗಾಬರಿಯಾಗಿ ಹೂಬುಟ್ಟಿಯಿಂದಲೇ ಗಾಳಿ ಹಾಕಿದಳು. ಜನ ಅದೂ ನಾಟಕವೆಂದುಕೊಂಡು ಚಪ್ಪಾಳೆ ತಟ್ಟಿದರು. ಬಾಪೂಸಾಹೇಬರು ಓಡಿಬಂದು ನಾಡಿ ನೋಡಿ, ಬದುಕಿದ್ದೇನೆಂದು ಖಾತ್ರಿಯಾದ ಮೇಲೆ ಹೇಳಿದರು, "ಬಾಯಿ, ಬಿದ್ದದ್ದು ಸೊಗಸಾಗಿತ್ತು. ಇನ್ನು ಮುಂದೆ ಪ್ರತಿ ಪ್ರಯೋಗಕ್ಕೂ ಬೀಳಿ. ಆದರೆ ಹಾಡು ಮುಗಿಸಿ ಬೀಳಿ." ಹಾಗಾಗಿ ಮೊಣಕೈಗೆ ಪೆಟ್ಟು ಮಾಡಿಕೊಂಡು ಬೀಳುವ ಕೆಲಸವೊಂದು ಹೆಚ್ಚಾಯಿತು, ಗಾಂಧಾರವೇನೂ ತಪ್ಪಲಿಲ್ಲ.

ಇದನ್ನೆಲ್ಲ ಈಗ ನಗುತ್ತ ಬರೆಯಬಹುದು. ಆಗ ನಾನು ಉಣ್ಣುವ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಫೋನು ಬಂದರೆ ನಾನಾ ಹೋಗಿಬಿಟ್ಟರೇನೋ ಎಂದು ಅಂಜುತ್ತಿದ್ದೆ. ಅವರಿಗೆ ಎಪ್ಪತ್ತು ದಾಟಿತ್ತು. ಒಬ್ಬ ಹಿರಿಯರ ಆರೋಗ್ಯವನ್ನು ನಾನು ಪ್ರೀತಿಯಿಂದ ವಿಚಾರಿಸುತ್ತಿದ್ದೆನೋ ಅಥವಾ ನನ್ನ ಕಿರೀಟಕ್ಕಾಗಿಯೋ, ನನಗೇ ಗೊತ್ತಿರಲಿಲ್ಲ.

ಅಂಥ ದಿನಗಳಲ್ಲಿ ಗೌರಿ ಬಂದಳು. ವಿಜಯಪುರದ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯ ಮಗಳು, ನಾಶಿಕ್‌ನಲ್ಲೇ ಬೆಳೆದವಳು. ನಾನು ಕನ್ನಡದಲ್ಲಿ ಮಾತಾಡಿದರೆ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ. ನನ್ನನ್ನು ಕಾಕು ಎಂದು ಕರೆಯುತ್ತಿದ್ದಳು, ಅಂದರೆ ಚಿಕ್ಕಮ್ಮ. ಬಾಪೂಸಾಹೇಬರು ಅವಳಿಗೆ ಸಖಿಯ ಪಾತ್ರ ಕೊಟ್ಟು, ನನ್ನ ಕೈಗೆ ಒಪ್ಪಿಸಿ, "ರಾಣಿಯ ಹಾಡುಗಳನ್ನು ಕಲಿಸಿಡಿ, ನಾಳೆ ಬೇಕಾಗುತ್ತದೆ" ಎಂದರು.

ಅವಳ ತಾಯಿ ಮೊದಲ ದಿನ ಕರೆತಂದು ಬಿಟ್ಟು ಹೋಗುವಾಗ ಹೇಳಿದರು, "ಅಕ್ಕಾರ, ಹುಡುಗಿ ನಿಮ್ಮ ಉಡ್ಯಾಗ ಹಾಕೀನ್ರಿ. ನಮ್ಮ ಮಾತು ಆಡೋರು ಸಿಕ್ಕರಲ್ಲ, ನನಗ ಚಿಂತಿ ಇಲ್ಲ ಬಿಡ್ರಿ."

ಎರಡನೆಯ ವಾರ ಗೌರಿ ತಾನಾಗಿಯೇ, ನಾನು ಹೇಳಿಕೊಡದೆಯೇ, ಆ ಹಾಡಿನ ಗಾಂಧಾರ ಹಚ್ಚಿದಳು. ನನ್ನ ಅಡುಗೆಮನೆಯ ಪಕ್ಕದ ಪಡಸಾಲೆಯಲ್ಲಿ, ಚಾಪೆಯ ಮೇಲೆ ಕೂತು. ಎಂಟು ಮಾತ್ರೆ ಅಲ್ಲ, ಹದಿನಾರು ನಿಲ್ಲಿಸಿದಳು. ಯಾವ ಒದ್ದಾಟವೂ ಇಲ್ಲ. ಹಾಡಿ ಮುಗಿಸಿ, ಸರಿಯಾಯಿತೇ ಎಂದು ನನ್ನ ಮುಖ ನೋಡಿದಳು.

ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಬಾಪೂಸಾಹೇಬರು ಇದನ್ನು ಒಂದು ಸಲ ಕೇಳಿದರೆ ನನ್ನ ಕಥೆ ಮುಗಿಯಿತು ಎಂಬುದೊಂದೇ ತಲೆಯಲ್ಲಿ ಬಂತು. ನಾನು ಹೇಳಿದೆ, "ಗೌರಿ, ಆ ಸ್ವರ ಮುಟ್ಟಬ್ಯಾಡ. ನಿನ್ನ ಗಂಟಲು ಭಾಳ ನಾಜೂಕು ಐತಿ. ಈಗ ಜೋರು ಮಾಡಿದರ ಹರಿದುಹೋಗತೈತಿ, ಆಮ್ಯಾಲೆ ಜನ್ಮದಾಗ ಹಾಡಾಕ ಬರಂಗಿಲ್ಲ."

ಹುಡುಗಿಯ ಕೈ ಗಂಟಲಿಗೆ ಹೋಯಿತು. ಮುಖ ಬಿಳಿಚಿತು. ನಾನು ಅದನ್ನು ನೋಡಿದೆ. ನೋಡಿಯೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಮುಂದೆ ಎರಡು ವರ್ಷ ಅವಳು ಎಲ್ಲ ಹಾಡು ಕಲಿತಳು, ಗಾಂಧಾರಕ್ಕೆ ಒಂದು ಮೆಟ್ಟಿಲು ಕೆಳಗಿನ ರಿಷಭಕ್ಕೆ ಬಂದು ನಿಲ್ಲುತ್ತಿದ್ದಳು, ಮುಂದಿನದನ್ನು ಕೈಯಲ್ಲಿ ತೋರಿಸಿ ಬಿಡುತ್ತಿದ್ದಳು. ಬಾಪೂಸಾಹೇಬರು ಕೇಳಿದಾಗ "ಇನ್ನೂ ಪಕ್ವವಾಗಿಲ್ಲ" ಎಂದೆ. ನನ್ನ ಮಾತಿಗೆ ಬೆಲೆ ಇತ್ತು, ನಂಬಿದರು. ತಾಯಿ ಅವಳಿಗೆ ಐಸ್‌ಕ್ರೀಂ ನಿಲ್ಲಿಸಿದರು, ಮೊಸರು ನಿಲ್ಲಿಸಿದರು, ಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿ ಕಳಿಸುತ್ತಿದ್ದರು. ಆ ಮಫ್ಲರ್ ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು, ನಾಚಿಕೆಗಿಂತ ಭಯ ದೊಡ್ಡದಿತ್ತು.

ಇಷ್ಟರಲ್ಲಿ ಕಾಲ ಬದಲಾಯಿತು. ಹಿಂದೆ ವೇದಿಕೆಯ ಮುಂದೆ ನಾಲ್ಕು ಮೈಕು ನಿಲ್ಲಿಸಿದರೆ ಮುಗಿಯಿತು, ಗಂಟಲು, ಆರ್ಗನ್, ತಬಲಾ ಎಲ್ಲ ಒಂದರಲ್ಲೇ ಕಲಸಿ ಹೋಗುತ್ತಿತ್ತು. ಬಾಪೂಸಾಹೇಬರು ಕಾಲರ್ ಮೈಕು ತರಿಸಿದರು. ಪ್ರತಿ ನಟರ ಎದೆಗೂ ಗುಂಡಿಯಷ್ಟು ಮೈಕು, ಒಬ್ಬೊಬ್ಬರ ಧ್ವನಿ ಬೇರೆ ಬೇರೆಯಾಗಿ ಸೌಂಡಿನವರ ಕೈಗೆ ಹೋಗುತ್ತದೆ. "ಇನ್ನು ರಾಣಿಯ ಉಸಿರು ಕೂಡ ಕೊನೆಯ ಸಾಲಿಗೆ ಕೇಳುತ್ತದೆ" ಎಂದು ಅವರು ಹೆಮ್ಮೆಯಿಂದ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಾನಾ ಮತ್ತು ನಾನು ಒಬ್ಬರನ್ನೊಬ್ಬರು ನೋಡಲಿಲ್ಲ.

ಹೊಸ ಮೈಕಿನ ಮೊದಲ ಪ್ರಯೋಗ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ. ಆಗ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದೆವು. ಚಿಕಲಠಾಣಾದ ಒಂದು ಕಾರ್ಖಾನೆಯವರು ತಮ್ಮ ಕೆಲಸಗಾರರ ಕುಟುಂಬಗಳಿಗಾಗಿ ಇಡೀ ನಾಟ್ಯಗೃಹ ತೆಗೆದುಕೊಂಡಿದ್ದರು. ಮುಂಜಾನೆ ಕಂಪನಿಯ ಹೆಂಗಸರೆಲ್ಲ ವೇರೂಳ್‌ಗೆ, ಅಂದರೆ ಎಲ್ಲೋರಾಕ್ಕೆ ಹೋಗಿ ಘೃಷ್ಣೇಶ್ವರನ ದರ್ಶನ ಮಾಡಿದೆವು. ಉಳಿದವರು ಗುಹೆ ನೋಡಲು ಹೋದರು, ನಾನು ಗುಡಿಯ ಕಟ್ಟೆಯ ಮೇಲೆ ಕೂತೇ ಇದ್ದೆ. ಗೌರಿ ಪಕ್ಕಕ್ಕೆ ಬಂದು ಕೂತು, ಕಾಕು, ಇವತ್ತು ಯಾಕೆ ಮಾತಾಡುತ್ತಿಲ್ಲ ಎಂದು ಮರಾಠಿಯಲ್ಲಿ ಕೇಳಿದಳು. ಗಂಟಲು ಉಳಿಸಿಕೊಳ್ಳಬೇಕು ಎಂದೆ. ಅವಳು ತಕ್ಷಣ ತನ್ನ ಮಫ್ಲರ್ ಬಿಚ್ಚಿ ನನಗೆ ಸುತ್ತಿದಳು.

ಮಧ್ಯಾಹ್ನ ಮೈಕು ಪರೀಕ್ಷೆ ಮಾಡುವಾಗ ನಾನು ಪಲ್ಲವಿಯಷ್ಟೇ ಹಾಡಿ ಇಳಿದೆ. ಸೌಂಡಿನವರು ಒಳ್ಳೆಯ ಮನುಷ್ಯ. ನನ್ನ ಧ್ವನಿ ಮೆಚ್ಚಿ, "ತಾಯಿ, ನೀವು ಹಾಡುವಾಗ ಆರ್ಗನ್ನಿನ ಸದ್ದು ಪೂರ್ತಿ ತಗ್ಗಿಸುತ್ತೇನೆ, ನಿಮ್ಮ ಸ್ವರವೇ ಕೇಳಲಿ" ಎಂದರು. ಬೇಡ ಎನ್ನುವುದಕ್ಕೆ ನನ್ನ ಬಳಿ ಯಾವ ಕಾರಣವಿತ್ತು? ನಾನಾಗೆ ಹೇಳಿದೆ. ಅವರು ಆರ್ಗನ್ನಿನ ಮೇಲೆ ಕೈಯಿಟ್ಟು ಕೂತಿದ್ದರು.

"ಬಾಯಿ, ಈಗರ ಹೋಗಿ ಬಾಪೂಸಾಹೇಬರಿಗೆ ಹೇಳ್ರಿ. ಇನ್ನ ಎರಡು ತಾಸು ಐತಿ."

"ಹೇಳೂದು ಹೆಂಗ ನಾನಾ? ಎಂಟು ವರ್ಷ."

"ಅದಽ ಮತ್ತ. ಒಂಬತ್ತು ಮಾಡಬ್ಯಾಡ್ರಿ."

ನಾನು ಹೋಗಲಿಲ್ಲ. ಬಣ್ಣದ ಕೋಣೆಗೆ ಹೋಗಿ ಕನ್ನಡಿ ಮುಂದೆ ಕೂತೆ.

ಮೂರನೆಯ ಅಂಕದಲ್ಲಿ ಷಡ್ಜದವರೆಗೆ ಹಾಡು ಎಂದಿಗಿಂತ ಚೆನ್ನಾಗಿ ಬಂತು. ನಾಟ್ಯಗೃಹ ಗಪ್‌ಚುಪ್ ಇತ್ತು. ಬಾಯಿ ತೆರೆದೆ. ಆ ದೊಡ್ಡ ಸ್ಪೀಕರುಗಳಿಂದ ನನ್ನ ಉಸಿರು ಹೊರಗೆ ಬಂತು. ಹಾ ಎಂದು ಬರೀ ಉಸಿರು, ಎಂಟು ಮಾತ್ರೆ. ಎಲ್ಲೋ ದೂರದಲ್ಲಿ ನಾನಾ ಅವರ ಆರ್ಗನ್ ಸಣ್ಣಗೆ ಅಳುತ್ತಿದ್ದದ್ದು ನನಗೆ ಮಾತ್ರ ಕೇಳಿತು. ಎಂಟು ಮಾತ್ರೆ ಎಷ್ಟು ಉದ್ದ ಎಂದು ಗೊತ್ತಾದದ್ದು ಅವತ್ತೇ. ಹೇಗೋ ಕೆಳಗಿಳಿದು ಹಾಡು ಮುಗಿಸಿದೆ, ಬೀಳುವುದೂ ಮರೆತುಹೋಯಿತು. ಚಪ್ಪಾಳೆ ಇಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು, ಅವರಿಗೆ ಪಾಪ ಮೈಕು ಕೆಟ್ಟಿದೆ ಎನಿಸಿರಬೇಕು, ವನ್ಸ್ ಮೋರ್ ಎಂದರು. ಇನ್ನೂ ನಾಲ್ಕು ಜನ ಸೇರಿದರು. ಆಮೇಲೆ ಎಲ್ಲರೂ. ನನ್ನ ಮರ್ಯಾದೆ ಉಳಿಸಬೇಕೆಂದೇ ಅವರು ಕೂಗುತ್ತಿದ್ದರು. ಪರದೆಯ ಬದಿಯಿಂದ ಬಾಪೂಸಾಹೇಬರು ಹಾಡಿ, ಹಾಡಿ ಎಂದು ಕೈಮಾಡುತ್ತಿದ್ದರು.

ಮತ್ತೆ ಶುರುಮಾಡಿದೆ. ಷಡ್ಜಕ್ಕೆ ಬಂದಾಗ ಪಕ್ಕದಲ್ಲಿದ್ದ ಗೌರಿಯ ತೋಳು ಹಿಡಿದು, ನೀನು ಹಾಡು ಎಂದು ಕಣ್ಣಲ್ಲಿ ಹೇಳಿದೆ. ಅವಳಿಗೆ ತಿಳಿಯಿತು. ಷಡ್ಜ ಹಚ್ಚಿದಳು, ರಿಷಭಕ್ಕೆ ಹೋದಳು, ಅಲ್ಲಿ ನಿಂತಳು. ಅವಳ ಕೈ ಗಂಟಲಿಗೆ ಹೋಯಿತು. ತಲೆ ಅಲ್ಲಾಡಿಸಿದಳು. ಕಣ್ಣಲ್ಲಿ ನೀರಿತ್ತು. ಹದಿನಾರು ಮಾತ್ರೆ ನಿಲ್ಲಿಸಿದ್ದ ಹುಡುಗಿ ಅವಳು. ಪರದೆ ಬಿತ್ತು.

ಬಣ್ಣದ ಕೋಣೆಯಲ್ಲಿ ನಾನು ಬಾಪೂಸಾಹೇಬರಿಗೆ ಎಲ್ಲ ಹೇಳಿದೆ. ಲಾಸಲಗಾಂವ್, ಡಾಕ್ಟರ್, ನಾನಾ. ಅವರು ಬೈಯಲಿಲ್ಲ. ನನ್ನ ಗಂಟಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಆ ಹುಡುಗಿ ಯಾಕೆ ನಿಂತಳು?" ಎಂದಷ್ಟೇ ಕೇಳಿದರು.

"ಅವಳ ಗಂಟಲು ನಾಜೂಕು ಎಂದು ನಾನೇ ಹೇಳಿದ್ದೆ."

"ನಾಜೂಕಿತ್ತೇ?"

"ಇಲ್ಲ."

ಅವರು ಎದ್ದು ಬಾಗಿಲವರೆಗೆ ಹೋಗಿ ನಿಂತರು. "ನೀವು ಕೆಡಿಸಿದ್ದನ್ನು ಬೇರೆಯವರು ಸರಿಮಾಡಲು ಆಗುವುದಿಲ್ಲ. ಅವಳಿಗೆ ನಿಜ ಹೇಳಿ, ಆಮೇಲೆ ಕಲಿಸಿ" ಎಂದು ಹೇಳಿ ಹೋದರು.

ನಾನು ಬಣ್ಣ ಬಿಟ್ಟೆ. ಮುಂದಿನ ಏಳು ತಿಂಗಳು ದಿನಾ ಗೌರಿಯ ಮನೆಗೆ ಹೋಗಿ ಕಲಿಸಿದೆ. ಆದರೆ ಬಾಪೂಸಾಹೇಬರು ಹೇಳಿದ್ದರಲ್ಲಿ ಎರಡನೆಯದನ್ನು ಮಾತ್ರ ಮಾಡಿದೆ. ಮೊದಲನೆಯದಕ್ಕೆ ಬಾಯಿ ಬರಲಿಲ್ಲ. ಈಗ ಗಂಟಲು ಬಲಿತಿದೆ, ಹೆದರಬೇಡ ಎಂದು ಹೇಳುತ್ತ ಹೋದೆ. ಅವಳ ತಾಯಿ ಪ್ರತಿದಿನ ನನಗೆ ಚಹಾ ಕೊಡುತ್ತ, "ನೀವು ಇಲ್ಲದಿದ್ದರ ಹುಡುಗಿ ಗಂಟಲು ಎಂದೋ ಹರಕೊಂಡು ಕೂಡತಿತ್ತರಿ ಅಕ್ಕಾರ" ಎನ್ನುತ್ತಿದ್ದರು. ಆ ಚಹಾ ಕುಡಿದೆ. ಗೌರಿ ಮನೆಯಲ್ಲಿ ಆ ಸ್ವರವನ್ನು ಕೆಲವು ದಿನ ಮುಟ್ಟುತ್ತಿದ್ದಳು, ಕೆಲವು ದಿನ ರಿಷಭದಲ್ಲೇ ನಿಂತುಬಿಡುತ್ತಿದ್ದಳು.

ಅವಳು ರಾಣಿಯಾಗಿ ನಿಲ್ಲುವ ಮೊದಲ ಪ್ರಯೋಗ ನಾಶಿಕ್‌ನಲ್ಲೇ ಬಂತು, ಒಂದು ಭಾನುವಾರ ಮಧ್ಯಾಹ್ನ. ಎರಡನೆಯ ಅಂಕ ಮುಗಿದಾಗ ಬಣ್ಣದ ಕೋಣೆಗೆ ಹೋದೆ. ಕಿರೀಟ ಹಾಕಿಕೊಂಡು ಕನ್ನಡಿ ಮುಂದೆ ಕೂತಿದ್ದಳು, ಎರಡೂ ಕೈ ಗಂಟಲ ಮೇಲೆ.

"ಕಾಕು, ಭೀತಿ ವಾಟತೇ" ಎಂದಳು, ಭಯವಾಗುತ್ತಿದೆ ಎಂದು. ಗಂಟಲು ಹರಿದುಹೋದರೆ, ಮುಂದೆ ಎಂದೂ ಹಾಡಲಿಕ್ಕಾಗದೆ ಹೋದರೆ ಎಂದು ಮರಾಠಿಯಲ್ಲಿ ಒಂದೇ ಉಸಿರಿಗೆ ಕೇಳಿದಳು. ನಾನು ಎರಡೂವರೆ ವರ್ಷದ ಹಿಂದೆ ಚಾಪೆಯ ಮೇಲೆ ಕೂತು ಹೇಳಿದ ಮಾತುಗಳೇ ಅವು, ಒಂದೂ ಬದಲಾಗಿರಲಿಲ್ಲ. ಇನ್ನು ತಡೆಯಲಾಗಲಿಲ್ಲ. ಬಾಗಿಲು ಹಾಕಿ ಹೇಳಿದೆ.

"ಗೌರಿ, ನಿನ್ನ ಗಂಟಲಿಗೆ ಎಂದೂ ಏನೂ ಆಗಿರಲಿಲ್ಲವ್ವಾ. ಆ ಸ್ವರ ನನ್ನ ಹತ್ತರ ಇರಲಿಲ್ಲ. ನಿನ್ನ ಹತ್ತರ ಐತಿ ಅಂತ ಗೊತ್ತಾದರ ನನ್ನ ಜಾಗಾ ಹೋಗತೈತಿ ಅಂತ ಅಂಜಿ ಸುಳ್ಳು ಹೇಳಿದೆ."

ಅವಳು ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದಳು. ಕೈಗಳು ಮೆಲ್ಲಗೆ ಗಂಟಲಿನಿಂದ ಇಳಿದು ಮೇಜಿನ ಮೇಲೆ ಬಂದವು. ಅಷ್ಟು ವರ್ಷದಲ್ಲಿ ನನ್ನೊಡನೆ ಕನ್ನಡದಲ್ಲಿ ಎರಡು ಮಾತು ಆಡಿದವಳಲ್ಲ. ತಾಯಿಯ ವಿಜಯಪುರದ ಕನ್ನಡದಲ್ಲಿ, ತಡೆದು ತಡೆದು ಕೇಳಿದಳು.

"ಖರೇನ ಏನೂ ಆಗಿರಲಿಲ್ಲೇನ್ರಿ?"

"ಏನೂ ಆಗಿರಲಿಲ್ಲ."

"ನೀವು ಹೊರಗ ಹೋಗ್ರಿ."

ಹೊರಗೆ ಬಂದು ಪರದೆಯ ಬಲಬದಿಯಲ್ಲಿ ನಿಂತೆ. ಎಂಟು ವರ್ಷ ಬಚ್ಚಿಟ್ಟ ಭಯವನ್ನೆಲ್ಲ ಕೂಡಿಸಿದರೂ ಆ ಹತ್ತು ನಿಮಿಷದ ಭಯಕ್ಕೆ ಸಮವಾಗುವುದಿಲ್ಲ. ಆಡಬಾರದ ಹೊತ್ತಿನಲ್ಲಿ ಆಡಿಬಿಟ್ಟೆನೇ, ಸುಳ್ಳಿನಿಂದ ಕೆಡಿಸಿದ್ದನ್ನು ಈಗ ನಿಜದಿಂದಲೂ ಕೆಡಿಸಿದೆನೇ ಎಂದು ಪರದೆಯ ಹಗ್ಗ ಹಿಡಿದುಕೊಂಡೆ. ಗೌರಿ ಕಿಟಕಿಯ ಹತ್ತಿರ ಬಂದು ನಿಂತಳು. ಷಡ್ಜ ಬಂತು. ರಿಷಭ ಬಂತು. ಅಲ್ಲಿ ನಿಲ್ಲಲಿಲ್ಲ. ಗಾಂಧಾರ ತುಂಬಿಕೊಂಡು ನಿಂತಿತು, ಎಂಟು ಮಾತ್ರೆ, ಹದಿನಾರು, ಇನ್ನೂ ಮುಂದೆ. ಕೆಳಗೆ ನಾನಾ ಆರ್ಗನ್ನಿನಿಂದ ಕೈ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು.

ವನ್ಸ್ ಮೋರ್ ಎಂದು ಜನ ಎದ್ದು ನಿಂತು ಕೂಗಿದರು. ಅವಳು ಕೈಮುಗಿದು ಮತ್ತೆ ಹಾಡಿದಳು. ಮೂರನೆಯ ಸಲವೂ ಹಾಡಿದಳು. ಹಾಡು ಮುಗಿದ ಮೇಲೆ ರಾಣಿ ಬಲಬದಿಯಿಂದ ಒಳಗೆ ಹೋಗಬೇಕು, ನಾನು ಬೀಳುತ್ತಿದ್ದುದನ್ನು ತೆಗೆದು ಬಾಪೂಸಾಹೇಬರು ಹಾಗೆ ಗೊತ್ತುಮಾಡಿದ್ದರು. ನಾನು ಅಲ್ಲಿ ಕೈಚಾಚಿ ನಿಂತಿದ್ದೆ. ಗೌರಿ ಒಂದು ಸಲ ನನ್ನ ಕಡೆ ನೋಡಿ, ತಿರುಗಿ, ಇಡೀ ವೇದಿಕೆ ದಾಟಿ ಎಡಬದಿಯಿಂದ ಒಳಗೆ ಹೋದಳು.